ಗಡಿಯಾರ ಮಾವನ ಮಿಣಮಿಣ ತಪ್ಪೊಪ್ಪಿಗೆ

ಗಡಿಯಾರ ರಿಪೇರಿ ಮಾಡುವ ಮಾವನಿಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ಗಡಿಯಾರ ಮಾವ. ಸಾಸಿವೆ ಗಾತ್ರದ ಸ್ಕ್ರೂ ಉರುಳಿಹೋದರೂ ಹುಡುಕಿ ತೆಗೆಯುವ ಕಣ್ಣು ಅವನದು. ತನ್ನ ತಪ್ಪು ಮಾತ್ರ ಆನೆಯಷ್ಟಿದ್ದರೂ ಆ ಕಣ್ಣಿಗೆ ಬೀಳದು.

ಎದುರು ಸಾಲಿನಲ್ಲೇ ಅವನ ಹೆಂಡತಿಯ ಹೊಲಿಗೆ ಅಂಗಡಿ. ಅವಳು ಮೊದಲು ತಂತಿ ಕಚೇರಿಯಲ್ಲಿ ಟಕಟಕ ಎಂದು ಸುದ್ದಿ ಕಳಿಸುತ್ತಿದ್ದವಳು. ಕಚೇರಿ ಮುಚ್ಚಿತು, ಹೊಲಿಗೆ ಹಿಡಿದಳು, ಆದರೂ ಬೀದಿಯವರ ಬಾಯಲ್ಲಿ ತಂತಿ ಅತ್ತೆಯಾಗಿಯೇ ಉಳಿದಳು.

ರಾದ್ಧಾಂತ ಶುರುವಾದದ್ದು ಎಣ್ಣೆಯಿಂದ. "ಮೆಷಿನ್ನಿಗೆ ಒಂದು ಹನಿ ಎಣ್ಣೆ ಬಿಡ್ತೀನಿ, ಇರು" ಎಂದು ಹೋದ ಮಾವ ಇಡೀ ಮೆಷಿನ್ನನ್ನೇ ಬಿಚ್ಚಿ ಹರವಿದ. ಮತ್ತೆ ಜೋಡಿಸಿದಾಗ ಎರಡು ಸ್ಕ್ರೂ ಉಳಿದವು. "ಕಂಪನಿಯವರು ಜಾಸ್ತಿ ಹಾಕಿರ್ತಾರೆ ಕಣೇ" ಎಂದು ಜೇಬಿಗಿಳಿಸಿದ. ಅಂದಿನಿಂದ ಮೆಷಿನ್ ಹಿಂದಕ್ಕೇ ಹೊಲಿಯತೊಡಗಿತು. ಅತ್ತೆ ಕೂಗಾಡಲಿಲ್ಲ. ಮಾತೇ ಬಿಟ್ಟಳು.

ನಾಲ್ಕು ದಿನ! ಬೈದಿದ್ದರೆ ವಾದ ಮಾಡಿ ಗೆಲ್ಲಬಹುದಿತ್ತು. ಮೌನಕ್ಕೆ ಸ್ಕ್ರೂಡ್ರೈವರ್ ಹಾಕುವುದೆಲ್ಲಿ? ಬೆಳಿಗ್ಗೆ "ರೀ, ಏಳ್ರೀ" ಎನ್ನುವ ದನಿಯಿಲ್ಲದೆ, ಊರಿಗೆಲ್ಲ ಟೈಮ್ ಸರಿ ಮಾಡುವವನೇ ಅಂಗಡಿಗೆ ತಡವಾಗಿ ಬರತೊಡಗಿದ. ಹೇಗಾದರೂ ಅವಳು ಮಾತಾಡಬೇಕು. ಆದರೆ ಎದುರು ನಿಂತು ತಪ್ಪಾಯ್ತು ಎನ್ನಲು ನಾಲಿಗೆ ಏಳದು.

ಕೊನೆಗೆ ಎಲೆಕ್ಟ್ರಾನಿಕ್ಸ್ ಅಂಗಡಿಯಾಕೆಯ ಮೊರೆಹೊಕ್ಕ. ಅವಳು ಬಿಸ್ಕತ್ತಿನಷ್ಟು ಅಗಲದ ಮೈಕ್ರೋಕಂಟ್ರೋಲರ್ ಬೋರ್ಡಿಗೆ ಬಲ್ಬ್ ಜೋಡಿಸಿ, ಪ್ರೋಗ್ರಾಂ ಬರೆಯಲು ಕಲಿಸಿದಳು. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ್ದನ್ನು ಅದು ತಂತಿಯವರ ಮೋರ್ಸ್ ಸಂಕೇತವಾಗಿ ಮಿಣುಕಿಸುತ್ತದೆ: ಚುಕ್ಕೆಗೆ ಚುಟುಕು ಬೆಳಕು, ಗೆರೆಗೆ ಅದರ ಮೂರರಷ್ಟು.

"ಚುಕ್ಕೆಗೆ ಇನ್ನೂರು ಮಿಲಿಸೆಕೆಂಡ್ ಸಾಕು ಅಂಕಲ್."

"ಸೆಕೆಂಡನ್ನ ಐದು ತುಂಡು ಮಾಡೋದಾ? ನನ್ನ ಕೈಲಿ ಆ ಪಾಪ ಆಗಲ್ಲಮ್ಮ" ಎಂದ ಮಾವ, ಸಾವಿರ ಎಂದು ಒತ್ತಿದ. ಚುಕ್ಕೆಗೆ ನಿಖರವಾಗಿ ಒಂದು ಸೆಕೆಂಡು.

ಸಂದೇಶವಾದರೂ ಏನು? 'ನಿನ್ನ ಮೆಷಿನ್ ಹಳೆಯದಾದ್ದರಿಂದ, ಸ್ಕ್ರೂಗಳು ಸವೆದಿದ್ದರಿಂದ, ಎಣ್ಣೆಯೂ ಕಳಪೆಯಾದ್ದರಿಂದ, ನನ್ನ ಕೈಯಿಂದ ಒಂಚೂರು ಏನೋ ಆಗಿರಬಹುದು, ತಪ್ಪಾಯ್ತು.' ಅಂಗಡಿ ಮುಂದೆ ತೂಗುಹಾಕಿದ ಬಲ್ಬ್ ಇದನ್ನು ಹೇಳಿ ಮುಗಿಸಲು ಹತ್ತಿರ ಹತ್ತಿರ ಇಪ್ಪತ್ತು ನಿಮಿಷ ಬೇಕು. ಮುಗಿದ ಕೂಡಲೇ ಮತ್ತೆ ಮೊದಲಿಂದ.

ಪಕ್ಕದ ಕ್ಷೌರದಂಗಡಿಯವನು ಗಿರಾಕಿಯ ಅರ್ಧ ಗಡ್ಡ ಬಿಟ್ಟು ಓಡಿಬಂದ. "ಮಾವ, ನಿಮ್ ಬಲ್ಬು ಕೊನೇ ಉಸಿರು ಎಳೀತಿದೆ! ಹೋಲ್ಡರ್ ಲೂಸು, ತಿರುಗಿಸ್ಲಾ?"

"ಮುಟ್ಟಿದ್ರೆ ಕೈ ಮುರೀತೀನಿ. ಈಗ ತಾನೇ ಎಣ್ಣೆ ಹತ್ರ ಬಂದಿದೀನಿ!"

ಎದುರಿಗೆ ತಂತಿ ಅತ್ತೆ ಗಲ್ಲಕ್ಕೆ ಕೈಯಿಟ್ಟು ಪೂರ್ತಿ ನೋಡಿದಳು. ನಡುವೆ ಎರಡು ಸಲ ಆಕಳಿಸಿದಳು. ಆಮೇಲೆ ಮೆಷಿನ್ನಿನ ದೀಪದ ಸ್ವಿಚ್ಚಿಗೆ ಬೆರಳಿಟ್ಟು ಪಟಪಟನೆ ಮಿಂಚಿಸಿದಳು. ಮಾವ ತಲೆಬುಡ ತಿಳಿಯದೆ, ಗೊತ್ತಾಗಲಿಲ್ಲವೆಂದು ಕೈಯಾಡಿಸಿದ. ಅತ್ತೆ ಎಳೆಗೂಸಿಗೆ ತುತ್ತಿಡುವಂತೆ ಒಂದೊಂದೇ ಅಕ್ಷರ ಕಳಿಸಿದಳು. ಚೀಟಿಯಲ್ಲಿ ಬರೆದುಕೊಂಡು, ಎಲೆಕ್ಟ್ರಾನಿಕ್ಸ್ ಅಂಗಡಿಯಾಕೆ ಕೊಟ್ಟಿದ್ದ ಮೋರ್ಸ್ ಪಟ್ಟಿ ನೋಡಿ ಬಿಡಿಸಿದರೆ: 'ಕೊನೇ ಪದ ಸಾಕು.'

ತಂತಿ ಕಚೇರಿಯಲ್ಲಿ ಊರವರ ಉದ್ದುದ್ದ ಮಾತನ್ನೆಲ್ಲ ಕತ್ತರಿಸಿದ ಕೈ ಅದು. ಮಾವ ಸಂದೇಶದಿಂದ ಮೆಷಿನ್ ಅಳಿಸಿದ, ಸ್ಕ್ರೂ ಅಳಿಸಿದ, ನಿಟ್ಟುಸಿರಿಟ್ಟು ಎಣ್ಣೆಯನ್ನೂ ಅಳಿಸಿದ. ಉಳಿದದ್ದು 'ತಪ್ಪಾಯ್ತು' ಒಂದೇ. ಮಿಣುಕಿ ಮುಗಿಯುವಷ್ಟರಲ್ಲಿ ಒಂದು ನಿಮಿಷ ಹತ್ತೊಂಬತ್ತು ಸೆಕೆಂಡು, ಮಾವನ ಬೆವರೂ ಅಷ್ಟೇ ಹೊತ್ತು ಇಳಿಯಿತು.

ಬೀದಿಯಾಚೆಯಿಂದ ದನಿ ಬಂತು. "ರೀ! ಆ ಸ್ಕ್ರೂ ತನ್ನಿ ಇಲ್ಲಿ!"

ಮಾವ ಚಪ್ಪಲಿ ಮರೆತು ಓಡಿದ. ಜೇಬಿಗೆ ಕೈಹಾಕಿ ಮೇಜಿನ ಮೇಲೆ ಸುರಿದ. ಅತ್ತೆ ನೋಡಿದಳು. ಸ್ಕ್ರೂ ಮೂರಿದ್ದವು.

"ಇನ್ನೊಂದು ಯಾವುದ್ರದ್ದು?"

ಮಾವ ಮೆಲ್ಲಗೆ ತಲೆಯೆತ್ತಿದ. ಹೋದ ವಾರ ಅವನೇ ಬಿಚ್ಚಿ ಜೋಡಿಸಿದ್ದ ಫ್ಯಾನು ಮೇಲೆ ಗಡಗಡ ಎನ್ನುತ್ತಿತ್ತು. ಅತ್ತೆ ಕುರ್ಚಿಸಮೇತ ಹಿಂದೆ ಸರಿದಳು.

"ಹೋಗಿ. ಆ ಬಲ್ಬು ಇನ್ನೊಂದ್ಸಲ ಹಾಕಿ. ನಾನಿಲ್ಲಿಂದ್ಲೇ ನೋಡ್ತೀನಿ."

ಮಾವ ಬಲ್ಬಿನತ್ತ ಓಡಿದ. ಬೈದರೇನು, ಮಾತು ಬಂತಲ್ಲ!