ತಲೆನೋವು ಮತ್ತು ಬ್ಯಾಡಗಿ ಮೆಣಸಿನಕಾಯಿ

ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣವಿದ್ದಷ್ಟು ಖಾರವಿಲ್ಲ ಎಂಬುದು ನಿಮಗೂ ಗೊತ್ತಿರುವ ವಿಚಾರ. ಸಾರಿಗೆ ಅದು ಗುಣ. ದೃಷ್ಟಿ ತೆಗೆಯುವುದಕ್ಕೆ ಮಾತ್ರ ದೊಡ್ಡ ತೊಡಕು. ಮುಖದ ಸುತ್ತ ನಿವಾಳಿಸಿದ ಕಾಯಿಯನ್ನು ಕೆಂಡಕ್ಕೆ ಹಾಕಿದಾಗ ಘಾಟು ಬಂದರೆ ಏನೂ ಇಲ್ಲ, ಬಾರದಿದ್ದರೆ ದೃಷ್ಟಿಯಾಗಿದೆ ಎಂಬುದು ನಮ್ಮವ್ವನ ಶಾಸ್ತ್ರ. ಮನೆಯಲ್ಲಿರುವುದೇ ಘಾಟು ಕಡಿಮೆಯ ಕಾಯಿ. ಹಾಗಾಗಿ ನೆಗಡಿಯಿಂದ ಹಿಡಿದು ನನ್ನ ಬೋಳುತಲೆಯವರೆಗೆ ನಮ್ಮ ಮನೆಯ ಸಕಲ ಸಂಕಟಗಳಿಗೂ ಊರವರ ಕಣ್ಣೇ ಕಾರಣವಾಗಿ ಉಳಿದುಬಿಟ್ಟಿದೆ.

ಕದರಮಂಡಲಗಿಗೆ ಕೊಟ್ಟ ನಮ್ಮ ಗಂಗಕ್ಕ ಸುಗ್ಗಿಗೆಂದು ತವರಿಗೆ ಬಂದವಳು, ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಲ್ಲೇ ತಲೆ ಸಿಡಿಯಿತೆಂದು ಒರಗಿದಾಗಲೂ ಅವ್ವ ಮೊದಲು ಹುಡುಕಿದ್ದು ಕೆಂಡವನ್ನೇ. ಭಾವ ಕಾಯಲಿಲ್ಲ, ಕಾರಿನಲ್ಲಿ ಮಲಗಿಸಿಕೊಂಡು ಹುಬ್ಬಳ್ಳಿಯ ಆಸ್ಪತ್ರೆಗೆ ಓಡಿದರು. ಮೆದುಳಿನ ರಕ್ತನಾಳವೊಂದು ಒಂದೆಡೆ ತೆಳುವಾಗಿ ಉಬ್ಬಿ, ಆ ಉಬ್ಬು ಒಡೆದು ನೆತ್ತರು ಸೋರಿತ್ತು. ತಲೆಬುರುಡೆ ತೆರೆದು ಶಸ್ತ್ರಚಿಕಿತ್ಸೆ ಮಾಡಿದರು. ಅಕ್ಕ ಉಳಿದಳು; ಬಲಗೈ ಸೋತಿತು, ಮಾತು ನಿಧಾನವಾಯಿತು.

ಇಂಥ ಉಬ್ಬು ಕೆಲವು ಮನೆತನಗಳನ್ನೇ ಏಕೆ ಹಿಂಬಾಲಿಸುತ್ತದೆ, ಒಡೆಯುವ ಮೊದಲೇ ಅದನ್ನು ಹಿಡಿಯುವುದು ಹೇಗೆ ಎಂದು ಅದೇ ಆಸ್ಪತ್ರೆಯಲ್ಲಿ ಸಂಶೋಧನೆ ನಡೆದಿತ್ತು. ನಮ್ಮಪ್ಪನನ್ನೂ ಇದೇ ಕಾಯಿಲೆ ಕೊಂಡೊಯ್ದಿತ್ತೆಂದು ತಿಳಿದ ವೈದ್ಯೆ, ಒಡಹುಟ್ಟಿದವರೆಲ್ಲ ಸ್ಕ್ಯಾನ್ ಮಾಡಿಸಿಕೊಂಡು ಸಂಶೋಧನೆಗೆ ರಕ್ತವನ್ನೂ ಕೊಡಬೇಕೆಂದು ಕೇಳಿದರು. ನೋಡಿ, ತಲೆಯ ಹೊರಗಿನ ಸಂಗತಿಯಲ್ಲಿ ನಾವೆಲ್ಲ ಪಂಡಿತರೇ: ಯಾವ ಎಣ್ಣೆ ಹಚ್ಚಬೇಕು, ಬೈತಲೆ ಎತ್ತ ತೆಗೆಯಬೇಕು, ಎಲ್ಲ ಬಲ್ಲೆವು. ಒಳಗೆ ಹಗಲಿರುಳು ಹರಿಯುವ ನೆತ್ತರಿನ ದಾರಿಯನ್ನು ಮಾತ್ರ ಕೇಳಿದವರೇ ಇಲ್ಲ. ಅದನ್ನೇ ನೋಡುತ್ತ ಆಯುಷ್ಯ ಸವೆಸುವವರು ಇದ್ದಾರಲ್ಲ ಎಂದು ನನಗೆ ಅಚ್ಚರಿಯಾಯಿತು. ಸ್ಕ್ಯಾನ್ ಮಾಡಿಸಿಕೊಂಡೆ, ನನ್ನ ತಲೆಯೊಳಗೆ ಏನೂ ಇಲ್ಲ ಎಂದರು. ಹೆಂಡತಿ ಇದನ್ನು ಮೊದಲೇ ಹೇಳುತ್ತಿದ್ದಳು.

ತಂಗಿ ನೀಲಾ ಮಾತ್ರ ಒಪ್ಪಲಿಲ್ಲ. ಮಗಳಿಗೆ ರಾಣೆಬೆನ್ನೂರಿನಲ್ಲಿ ಸಂಬಂಧ ಕೂಡಿತ್ತು. “ಮನಿತನದಾಗ ತಲಿ ರೋಗ ಐತಿ ಅಂತ ಗೊತ್ತಾದ್ರ ಯಾರ್ ಮಾಡ್ಕೊಂತಾರ?” ಎಂದಳು. ಅವ್ವ ಅವಳ ಪರ ನಿಂತು, ಅವಳಿಗೂ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಎಂದಿನಂತೆ ಘಾಟು ಬರಲಿಲ್ಲ.

ಗಂಗಕ್ಕ ವಾದಿಸಲಿಲ್ಲ. ಓಡಾಡುವಷ್ಟು ಚೇತರಿಸಿಕೊಂಡ ಮೇಲೆ ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಬಸ್ಸು ಹತ್ತಿ ರಾಣೆಬೆನ್ನೂರಿಗೆ ಹೋಗಿ, ಬೀಗರಾಗಬೇಕಿದ್ದವರ ಮನೆಯಲ್ಲಿ ಕೂತು, ಸೆರಗು ಸರಿಸಿ ತಲೆಯ ಹೊಲಿಗೆ ಗುರುತನ್ನು ತೋರಿಸಿ, ಅಪ್ಪನಿಂದ ಮೊದಲ್ಗೊಂಡು ಎಲ್ಲವನ್ನೂ ಹೇಳಿದಳಂತೆ. ವರನ ತಾಯಿ ಪೂರ್ತಿ ಕೇಳಿ, ಚಹಾ ಕೊಟ್ಟು, ಮೊದಲು ತಂಗಿಯನ್ನು ವೈದ್ಯರಿಗೆ ತೋರಿಸಿಕೊಂಡು ಬನ್ನಿ, ಆಮೇಲೆ ಮುಹೂರ್ತ ನೋಡೋಣ ಎಂದರಂತೆ.

ತಿರುಗಿ ಬಂದವಳು ನೀಲಾಳಿಗೆ ಹೇಳಿದ್ದು ಇಷ್ಟೇ: “ನಾ ಎಲ್ಲಾ ಹೇಳಿ ಬಂದೇನಿ. ಇನ್ನ ಮುಚ್ಚಿಡಾಕ ಏನೂ ಉಳದಿಲ್ಲ. ನಡಿ.”

ನೀಲಾ ಬಸ್ಸಿನಲ್ಲಿ ಅಕ್ಕನನ್ನು ಬಿಟ್ಟು ಬೇರೆ ಸೀಟಿನಲ್ಲಿ ಕೂತು ಹುಬ್ಬಳ್ಳಿಗೆ ಬಂದಳು.

ಸ್ಕ್ಯಾನಿನಲ್ಲಿ ಉಬ್ಬು ಕಂಡಿತು. ಎಲ್ಲ ಉಬ್ಬುಗಳೂ ಒಡೆಯುವುದಿಲ್ಲ, ಆದರೆ ಇದರ ಆಕಾರವನ್ನೂ ಮನೆತನದ ಇತಿಹಾಸವನ್ನೂ ನೋಡಿದರೆ ಮುಚ್ಚುವುದೇ ಲೇಸು ಎಂದರು ವೈದ್ಯೆ. ಈ ಸಲ ತಲೆ ತೆರೆಯಬೇಕಾಗಲಿಲ್ಲ. ತೊಡೆಯ ರಕ್ತನಾಳದಿಂದ ಸಣ್ಣ ನಳಿಕೆ ತೂರಿಸಿ ಅಲ್ಲಿಗೇ ಹೋಗಿ ಮುಚ್ಚಿ ಬಂದರು. ನೀಲಾ ಕಣ್ಣು ಬಿಟ್ಟಾಗ ಗಂಗಕ್ಕ ಮಗ್ಗುಲಲ್ಲೇ ಇದ್ದಳು. ಒಂದೊಂದೇ ಮಾತನ್ನು ಕೂಡಿಸಿಕೊಂಡು ಹೇಳಿದಳು: “ನಂದು ಒಡದ ಮ್ಯಾಲೆ ಗೊತ್ತಾತು. ನಿಂದು ಗೊತ್ತಾತು, ಒಡೀಲಿಲ್ಲ.”

ಸಂಶೋಧನೆ ಎಂದರೇನೆಂದು ಇಷ್ಟು ಸರಳವಾಗಿ ನನಗೆ ಯಾರೂ ಹೇಳಿರಲಿಲ್ಲ. ನಾಳೆ ಅದು ಅಚ್ಚಾದಾಗ ಅದರಲ್ಲಿ ನಮ್ಮಕ್ಕನ ಹೆಸರು ಇರಲಿಕ್ಕಿಲ್ಲ. ಇರದಿದ್ದರೇನು, ಅಂಥವಳ ತಮ್ಮನೆಂದು ಪೇಟೆಯಲ್ಲಿ ಎದೆ ಸೆಟೆಸಿ ತಿರುಗಾಡುವುದಕ್ಕೆ ನಾನಿದ್ದೇನೆ.

ಮರುದಿನ ವೈದ್ಯೆ ಬಂದಾಗ ನೀಲಾ ಎದ್ದು ಕೂತಿದ್ದಳು. ಬೇನೆ ಹೇಗಿದೆಯೆಂದು ಅವರು ಕೇಳುವ ಮೊದಲೇ ಬಾಗಿಲತ್ತ ಕೈ ತೋರಿಸಿದಳು. ಅಲ್ಲಿ ಗಂಗಕ್ಕನ ಪಕ್ಕದಲ್ಲಿ, ಯಾರಿಗಾಗಿ ಎಲ್ಲವನ್ನೂ ಮುಚ್ಚಿಡಬೇಕೆಂದಿದ್ದಳೋ ಆ ಮಗಳು ನಿಂತಿದ್ದಳು.

“ನಾನ ಕರಸೇನ್ರಿ,” ಎಂದಳು ನೀಲಾ. “ಅಕೀದೂ ನೋಡ್ರಿ.”