ಹಡಗಿನ ಆಟದ ಎರಡು ಡಬ್ಬಿಗಳು

ಕಳೆದ ಮಳೆಗಾಲದ ಮೊದಲು ಕುಮಟೆಯ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಒಂದು ಟೈಪ್‌ರೈಟರ್‌ ಕಂಡೆ. ಸುಮ್ಮನೆ ಅದರ ಮುಚ್ಚಳ ಎತ್ತಿದ್ದೇ ತಡ, ರಿಬ್ಬನ್ನಿನ ವಾಸನೆ ಮೂಗಿಗೆ ಬಡಿಯಿತು. ಮಸಿ, ಎಣ್ಣೆ, ಧೂಳು ಮೂರೂ ಕಲೆತ, ಸ್ವಲ್ಪ ಕಹಿಯಾದ ಆ ವಾಸನೆಯಲ್ಲಿಯೇ ನಾನು ಬೆಳೆದದ್ದು. ಹೊನ್ನಾವರದಲ್ಲಿ ಹೆದ್ದಾರಿಗೆ ಮುಖ ಮಾಡಿದ್ದ ನಮ್ಮ ಹೆಂಚಿನ ಮನೆಯ ಮುಂದಿನ ಪಡಸಾಲೆಯಲ್ಲಿ ಸುಮಿತ್ರತ್ತೆಯ ಟೈಪಿಂಗ್ ಕ್ಲಾಸು ನಡೆಯುತ್ತಿತ್ತು. ಏಳು ಇಂಗ್ಲಿಷ್ ಯಂತ್ರಗಳು, ಒಂದು ಕನ್ನಡದ್ದು. ಬೆಳಿಗ್ಗೆ ಎಂಟಕ್ಕೆ ಶುರುವಾದರೆ ಆ ಎಂಟೂ ಯಂತ್ರಗಳ ಸದ್ದು ಹೆಂಚಿನ ಮೇಲೆ ಆಲಿಕಲ್ಲು ಬಿದ್ದಂತೆ ಮನೆ ತುಂಬುತ್ತಿತ್ತು. ಹಿಂದಿನ ಜಗಲಿಯಲ್ಲಿ ಅಜ್ಜ ಆ ಸದ್ದಿಗೆ ಒಗ್ಗಿಹೋಗಿ ಹಾಯಾಗಿ ನಿದ್ದೆ ಮಾಡುತ್ತಿದ್ದ, ಭಾನುವಾರ ಕ್ಲಾಸಿಲ್ಲದಿದ್ದರೆ ಮಾತ್ರ ಎಚ್ಚರವಾಗುತ್ತಿದ್ದ.

ಸುಮಿತ್ರತ್ತೆ ಅಪ್ಪನ ತಂಗಿ. ಮದುವೆ ಬೇಡವೆಂದು ಇಪ್ಪತ್ತಮೂರಕ್ಕೇ ಹೇಳಿ, ಆ ಮಾತಿನಿಂದ ಕದಲದೆ, ಊರಿನ ಅರ್ಧಕ್ಕರ್ಧ ಗುಮಾಸ್ತರಿಗೆ ಬೆರಳಚ್ಚು ಕಲಿಸಿದವಳು. ಅಜ್ಜ ತನ್ನ ಕಾಲದಲ್ಲಿ ತಾಂಡೇಲನಾಗಿದ್ದ, ಎಂದರೆ ಮಚವೆಯೆನ್ನುವ ಹಾಯಿಹಡಗಿನ ಮುಖ್ಯ ನಾವಿಕ. ಹೆಂಚು, ಉಪ್ಪು, ಅಕ್ಕಿ ತುಂಬಿಕೊಂಡು ಹೊನ್ನಾವರದಿಂದ ಮುಂಬಯಿಗೆ ಎಷ್ಟು ಸಲ ಹೋಗಿ ಬಂದನೋ ಅವನಿಗೇ ಲೆಕ್ಕವಿರಲಿಲ್ಲ. ಲಾರಿಗಳು ಬಂದ ಮೇಲೆ ಮಚವೆಗಳು ದಡ ಸೇರಿದವು, ಅಜ್ಜ ಜಗಲಿ ಸೇರಿದ. ನನ್ನ ಅಪ್ಪ ಅಮ್ಮ ಇಬ್ಬರೂ ಶಿಕ್ಷಕರು. ಮೇಲಿಂದ ಮೇಲೆ ವರ್ಗವಾಗುತ್ತಿದ್ದುದರಿಂದ ನಾನು ಐದನೆಯ ತರಗತಿಯಿಂದ ಇವರಿಬ್ಬರ ಜೊತೆ ಇದ್ದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಂತೆ ಟೈಪಿಂಗ್ ಕಲಿಯಲು ಬರುವವರು ಕಡಿಮೆಯಾದರು. ಅತ್ತೆ ಹೆಚ್ಚು ಯೋಚಿಸಲಿಲ್ಲ, ಪಡಸಾಲೆಯ ಮೂಲೆಯಲ್ಲಿ ಒಂದು ಕಂಪ್ಯೂಟರ್ ತಂದು ಕೂರಿಸಿದಳು. ಅದರ ಸುದ್ದಿ ಕೇಳಿ ಮುಂಬಯಿಯಲ್ಲಿದ್ದ ಅವಳ ಗೆಳತಿ ಬಸ್ಸಿನಲ್ಲಿ ಬರುವವರ ಕೈಯಲ್ಲಿ ಒಂದು ಆಟ ಕಳಿಸಿಕೊಟ್ಟಳು. ದಪ್ಪ ರಟ್ಟಿನ ಡಬ್ಬಿ, ನಮ್ಮ ಸಮಾಜ ಪಾಠದ ಪುಸ್ತಕಕ್ಕಿಂತ ದೊಡ್ಡದು. ಒಳಗೆ ಕನ್ನಡಿಯಂತೆ ಹೊಳೆಯುವ ಒಂದು ಡಿಸ್ಕು, ಆಡುವುದು ಹೇಗೆಂದು ಹೇಳುವ ಒಂದು ದಪ್ಪ ಪುಸ್ತಕ, ಎಂಟು ಮಡಿಕೆಯ ಸಮುದ್ರದ ನಕ್ಷೆ. ಹಾಯಿಹಡಗು ಕಟ್ಟಿ, ಸರಕು ತುಂಬಿ, ಗಾಳಿ ನೋಡಿಕೊಂಡು ಬಂದರಿನಿಂದ ಬಂದರಿಗೆ ವ್ಯಾಪಾರ ಮಾಡುವ ಆಟ. ಡಿಸ್ಕು ಹಾಕಿದೆವು, ಗಿರ್ರೆಂದು ತಿರುಗಿತು, ಆಟ ಶುರುವಾಯಿತು. ನೀವು ಯಾರು, ಎಲ್ಲಿಯವರು ಎಂದು ಅದು ನಮ್ಮನ್ನು ಕೇಳಲಿಲ್ಲ.

ನಾನು ನಕ್ಷೆಯನ್ನು ನೆಲಕ್ಕೆ ಹಾಸಿ ಅದರ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದೆ. ಅಜ್ಜ ನೀರು ಕುಡಿಯಲು ಒಳಗೆ ಬಂದವನು ಚೊಂಬು ಹಿಡಿದುಕೊಂಡೇ ನಿಂತ. ನಕ್ಷೆ ಯಾವುದೋ ದೂರದ ದೇಶದ ಕಡಲಿನದು, ಆದರೂ ಅವನ ಕಣ್ಣು ಅದರ ಅಂಚಿನುದ್ದಕ್ಕೂ ಓಡಿತು. ಆಮೇಲೆ ಪರದೆ ನೋಡಿದ. ನನ್ನ ಹಡಗು ಆಗಲೇ ಮೂರನೆಯ ಸಲ ಮುಳುಗುತ್ತಿತ್ತು.

"ಎಂತ ಮಾಡ್ತಿದ್ಯೇ ನೀನು? ಗಾಳಿ ಎದುರಿಗೆ ಬತ್ತಾ ಉಂಟಲ್ಲ, ಹಾಯಿ ಪೂರಾ ಬಿಟ್ಕಂಡು ಹೋದ್ರೆ ಹೆಂಗೆ? ಓರೆ ಹಿಡಿ, ಓರೆ."

ಓರೆ ಹಿಡಿದೆ. ಹಡಗು ಮುಳುಗಲಿಲ್ಲ. ಅಜ್ಜ ಚೊಂಬನ್ನು ಕಂಪ್ಯೂಟರಿನ ಪಕ್ಕದಲ್ಲಿಟ್ಟು ಕುರ್ಚಿ ಎಳೆದುಕೊಂಡ. ಮೊದಲು ಕೆಲವು ದಿನ ಅವನು ಹೇಳಿದಂತೆ ನಾನು ಆಡಿದೆ. ಆಮೇಲೆ ಹಗ್ಗ ಎಳೆದು ದಡ್ಡುಗಟ್ಟಿದ ಕೈಯಲ್ಲಿ ಮೌಸನ್ನು ಮರಿಹಕ್ಕಿ ಹಿಡಿದಂತೆ ಹಿಡಿದು ತಾನೇ ಆಡತೊಡಗಿದ. ಅವನ ಹಡಗುಗಳು ತಡವಾಗಿ ಹೊರಡುತ್ತಿದ್ದವು, ನೇರ ದಾರಿ ಬಿಟ್ಟು ಎಲ್ಲೆಲ್ಲೋ ಸುತ್ತುತ್ತಿದ್ದವು, ಎಲ್ಲರಿಗಿಂತ ಮೊದಲು ಬಂದರು ಮುಟ್ಟುತ್ತಿದ್ದವು. ಟೈಪಿಂಗ್‌ಗೆ ಬಂದ ಹುಡುಗಿಯರು ಪಾಠ ಬಿಟ್ಟು ಅವನ ಹಿಂದೆ ನಿಲ್ಲುತ್ತಿದ್ದರು. ಅತ್ತೆ ಅವರನ್ನು ಗದರುತ್ತಿದ್ದಳು, ಗದರಿದ ಮೇಲೆ ತಾನೂ ಬಂದು ನಿಲ್ಲುತ್ತಿದ್ದಳು.

ಪುಸ್ತಕ ಇಂಗ್ಲಿಷಿನಲ್ಲಿತ್ತು. ಅಜ್ಜನಿಗೆ ಬರುತ್ತಿದ್ದುದು ಕನ್ನಡ ಓದು, ಕೊಂಕಣಿ ಮಾತು. ಪ್ರತಿಯೊಂದಕ್ಕೂ ಅವನು "ಅದರಲ್ಲಿ ಎಂತ ಬರೆದದ್ದು?" ಎಂದು ಕೇಳುವುದನ್ನು ಕೇಳಿ ಕೇಳಿ ಅತ್ತೆ ಒಂದು ದಿನ ಕನ್ನಡದ ಯಂತ್ರಕ್ಕೆ ಹಾಳೆ ಏರಿಸಿದಳು. ಎರಡು ತಿಂಗಳು ಕ್ಲಾಸು ಮುಗಿದ ಮೇಲೆ ದಿನಾ ಒಂದೊಂದು ಪುಟ. ಹಡಗಿನ ಭಾಗಗಳ ಹೆಸರು ಬಂದಾಗ ನಿಘಂಟು ತೆಗೆಯದೆ ಜಗಲಿಗೆ ಕೂಗಿ ಕೇಳುತ್ತಿದ್ದಳು, ಅಜ್ಜ ಅಲ್ಲಿಂದಲೇ ನಮ್ಮ ಕಡೆಯ ಹೆಸರು ಹೇಳುತ್ತಿದ್ದ. ಹಾಗೆ ಯಾವುದೋ ದೇಶದ ಆಟದ ಪುಸ್ತಕ ಹೊನ್ನಾವರದ ಕನ್ನಡಕ್ಕೆ ಬಂತು. ಕಾರ್ಬನ್ ಹಾಳೆ ಇಟ್ಟು ಮೂರು ಪ್ರತಿ ತೆಗೆದು ಹೊಲಿದಳು. ಡಬ್ಬಿ ಊರೂರು ತಿರುಗಿತು. ಡಿಸ್ಕು ಯಾರ ಕಂಪ್ಯೂಟರಿನೊಳಗೆ ಇದೆಯೋ ಅವರದೇ ಆಟ, ಆದ್ದರಿಂದ ಕೇಳಿದವರಿಗೆ ವಾರಕ್ಕೊಬ್ಬರಂತೆ ಅತ್ತೆ ಕೊಡುತ್ತಿದ್ದಳು. ಶಿರಾಲಿಗೆ ಹೋಯಿತು, ಕುಮಟೆಗೆ ಹೋಯಿತು, ಭಟ್ಕಳದಲ್ಲಿ ಸೈಬರ್ ಕೆಫೆ ತೆರೆದಿದ್ದ ಇಲಿಯಾಸ್ ಭಾಯಿಯ ಮನೆಗೂ ಹೋಯಿತು. ಅವರ ಮನೆಯಿಂದ ಮರಳುವಾಗ ಡಬ್ಬಿಯ ಹರಿದ ಮೂಲೆಗೆ ಬಟ್ಟೆಯ ಪಟ್ಟಿ ಅಂಟಿಸಿದ್ದರು, ಜೊತೆಗೆ ಒಂದು ಪೊಟ್ಟಣ ಹಲ್ವಾ ಬಂದಿತ್ತು.

ನಾನು ಕಾಲೇಜು ಸೇರಿದ ವರ್ಷ ಆ ಆಟದ ಎರಡನೆಯ ಭಾಗ ಬಂತು. ಅದರಲ್ಲಿ ಅರಬ್ಬಿ ಸಮುದ್ರವಿದೆ, ನಮ್ಮ ಕರಾವಳಿ ಇದೆ ಎಂದು ಪತ್ರಿಕೆಯಲ್ಲಿ ಓದಿ ಅತ್ತೆ ತರಿಸಿದಳು. ಅಜ್ಜನಿಗೆ ಆಗ ಎಂಬತ್ತು ದಾಟಿತ್ತು. ಉಬ್ಬಸ ಹೆಚ್ಚಿ ಗೇಟಿನ ತನಕ ನಡೆದರೂ ಕೂರಬೇಕಾಗುತ್ತಿತ್ತು. ಡಬ್ಬಿ ಬಂದ ದಿನ ಬಿಳಿ ಅಂಗಿ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಬಂದು ಕೂತ. ಈ ಸಲದ ಡಬ್ಬಿ ತೆಳ್ಳಗಿತ್ತು. ಪುಸ್ತಕವಿಲ್ಲ, ನಕ್ಷೆಯಿಲ್ಲ. ಒಂದು ಡಿಸ್ಕು, ಉದ್ದದ ಸಂಖ್ಯೆ ಬರೆದ ಒಂದು ಚೀಟಿ. ಡಿಸ್ಕು ಹಾಕಿದರೆ ಆಟ ಬರಲಿಲ್ಲ. ಮೊದಲು ಇಂಟರ್ನೆಟ್ಟಿನಲ್ಲಿರುವ ನಮ್ಮ ಅಂಗಡಿಗೆ ಬನ್ನಿ, ಅಲ್ಲಿ ಹೆಸರು ನೋಂದಾಯಿಸಿ, ಉಳಿದ ಭಾಗವನ್ನು ಅಲ್ಲಿಂದ ಇಳಿಸಿಕೊಳ್ಳಿ ಎಂಬ ಬರಹ ಬಂತು. ಜುಲೈ ತಿಂಗಳು. ನಮ್ಮ ಫೋನಿನ ತಂತಿ ಗಾಳಿಗೆ ಹರಿದು ವಾರವಾಗಿತ್ತು. ಸರಿಯಾದ ಮೇಲೂ ಸಂಪರ್ಕ ಅರ್ಧ ಗಂಟೆ ಇದ್ದು ಕಡಿದುಹೋಗುತ್ತಿತ್ತು, ಮತ್ತೆ ಮೊದಲಿನಿಂದ. ಮೂರು ದಿನ ಅಜ್ಜ ಅದೇ ಅಂಗಿಯಲ್ಲಿ ಬಂದು ಕೂತ.

"ಅದಕ್ಕೆ ಎಂತ ಬೇಕಂತೆ?" ಎಂದು ಕೇಳಿದ.

"ಒಪ್ಪಿಗೆ ಬೇಕಂತೆ ಅಪ್ಪ," ಎಂದಳು ಅತ್ತೆ.

"ಯಾರದ್ದು?"

"ಅಂಗಡಿಯವರದ್ದು."

"ನಾವು ತಗಂಡು ಆತಲ್ಲ?"

ಅತ್ತೆ ಕಂಪ್ಯೂಟರ್ ಆರಿಸಿದಳು. ಮರುದಿನ ಬೆಳಿಗ್ಗೆ ಸಿಪಿಯುವನ್ನು ಹಳೆ ಕಂಬಳಿಯಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಭಟ್ಕಳದ ಬಸ್ಸಿನಲ್ಲಿ ಕೂತಳು. ಇಲಿಯಾಸ್ ಭಾಯಿಯ ಕೆಫೆಗೆ ಹೊಸದಾಗಿ ಬ್ರಾಡ್‌ಬ್ಯಾಂಡ್ ಬಂದಿತ್ತು. ಅಜ್ಜ ಬರುವುದು ಬೇಡವೆಂದು ನಾವಿಬ್ಬರೂ ಹೇಳಿದೆವು. ಅವನು ಕೊಡೆ ತೆಗೆದುಕೊಂಡು ನಮಗಿಂತ ಮೊದಲು ರಸ್ತೆಗಿಳಿದಿದ್ದ.

ಇಲಿಯಾಸ್ ಭಾಯಿ ಎದ್ದು ನಿಂತು ತಮ್ಮ ಕುರ್ಚಿ ಕೊಟ್ಟರು. "ಕೂತ್ಕೊಳ್ಳಿ ಅಜ್ಜಾರೆ. ಲೈನು ಇವತ್ತು ಚಲೋ ಉಂಟು, ಸಂಜೆ ಒಳಗೆ ಆಗ್ತದೆ." ನೋಂದಣಿಗೆ ಹೆಸರು ಕೇಳಿದಾಗ ಅತ್ತೆ ಅಜ್ಜನ ಹೆಸರು ಕೊಟ್ಟಳು: ನಾರಾಯಣ ತಾಂಡೇಲ. ಹುಟ್ಟಿದ ದಿನ ಅಜ್ಜನಿಗೇ ಗೊತ್ತಿರಲಿಲ್ಲ, ಮಳೆಗಾಲ ಮುಗಿದು ಮಚವೆಗಳು ಹೊರಡುವ ಕಾಲದಲ್ಲಿ ಹುಟ್ಟಿದ್ದು ಎಂದಷ್ಟೇ ಅವನ ತಾಯಿ ಹೇಳುತ್ತಿದ್ದಳಂತೆ. ಅತ್ತೆ ಅಕ್ಟೋಬರಿನ ಒಂದು ದಿನ ಆರಿಸಿ ಹಾಕಿದಳು. ಮಧ್ಯಾಹ್ನ ಇಲಿಯಾಸ್ ಭಾಯಿ ನಮಾಜಿಗೆ ಹೋಗುವಾಗ ಕೆಫೆಯನ್ನು ಅತ್ತೆಯ ಸುಪರ್ದಿಗೆ ಬಿಟ್ಟು ಹೋದರು, ಬರುವಾಗ ಮನೆಯಿಂದ ನಮಗೆ ಊಟ ತಂದರು. ನಾಲ್ಕು ಗಂಟೆಗೆ ಆಟ ತೆರೆಯಿತು.

ಪರದೆಯ ಮೇಲೆ ನಮ್ಮ ಕರಾವಳಿ ಬಂತು. ಮುಂಬಯಿ ಇತ್ತು, ಗೋವೆ ಇತ್ತು, ಮಂಗಳೂರು ಇತ್ತು. ಗೋವೆಗೂ ಮಂಗಳೂರಿಗೂ ನಡುವೆ ಬರಿಯ ಹಸಿರು ಗೆರೆ. ಕುಮಟೆ, ಹೊನ್ನಾವರ, ಭಟ್ಕಳ ಯಾವುದೂ ಇರಲಿಲ್ಲ. ನನಗೆ ಅಳು ಬಂತು. ಕೆಫೆಯಲ್ಲಿದ್ದ ಕಾಲೇಜು ಹುಡುಗರು ಸುತ್ತ ನೆರೆದಿದ್ದರು, ಅವರಲ್ಲೊಬ್ಬ "ನಮ್ಮೂರೇ ಇಲ್ಲ" ಎಂದ. ಅಜ್ಜ ಕನ್ನಡಕ ಒರೆಸಿಕೊಂಡು ಮೌಸು ಹಿಡಿದ. ಗೋವೆಯಿಂದ ಒಂದು ಹಡಗು ಹೊರಡಿಸಿ ದಡದ ಗುಂಟ ನಿಧಾನ ತೆಂಕಕ್ಕೆ ತಂದು, ಆ ಖಾಲಿ ಗೆರೆಯ ಒಂದು ಕಡೆ ಲಂಗರು ಹಾಕಿದ.

"ಇದು ನಮ್ಮ ಅಳಿವೆ," ಎಂದ. "ಶರಾವತಿ ಕಡಲು ಸೇರುದು ಇಲ್ಲಿ. ಬಡಗಿಂದ ಬರುವಾಗ ಬಸವರಾಜದುರ್ಗದ ದ್ವೀಪ ಎಡಕ್ಕೆ ಬಿಟ್ಕಂಡು, ನೀರಿನ ಬಣ್ಣ ನೋಡ್ಕಂಡು ಒಳಗೆ ಬರಬೇಕು. ಮಣ್ಣಿನ ಬಣ್ಣ ಇದ್ದಲ್ಲಿ ಆಳ ಇಲ್ಲ."

ಅಲ್ಲಿಂದ ಅವನು ಮತ್ತೆ ಲಂಗರು ಎತ್ತಿದ. ಎಲ್ಲಿ ಮಂಕಿ ಊರು, ಎಲ್ಲಿ ನೇತ್ರಾಣಿ ದ್ವೀಪ, ತೆಂಗಿನಗುಂಡಿಯ ಎದುರು ಯಾವ ತಿಂಗಳು ಸೆಳೆತ ಹೆಚ್ಚು, ಬೆಳಗಿನ ನೆಲದ ಗಾಳಿಯಲ್ಲಿ ಹೊರಟು ಮಧ್ಯಾಹ್ನದ ಕಡಲ ಗಾಳಿಗೆ ಹೇಗೆ ತಿರುಗಿಕೊಳ್ಳುವುದು, ಎಲ್ಲವನ್ನೂ ಉಸಿರಿಗೆ ನಿಂತು ನಿಂತು ಹೇಳಿದ. ಹುಡುಗರು ತಮ್ಮ ತಮ್ಮ ಪರದೆಗಳನ್ನು ಮರೆತು ಕೇಳಿದರು. ಭಟ್ಕಳದ ಬಂದರಿರಬೇಕಾದ ಜಾಗದಲ್ಲಿ ಹಡಗು ನಿಂತಾಗ ಇಲಿಯಾಸ್ ಭಾಯಿ, "ನಮ್ಮ ದಾದಾನ, ನಮ್ಮಪ್ಪನ ಅಪ್ಪನ, ಬಟ್ಟೆ ಗಂಟು ಹಿಂಗೇ ಬರ್ತಿತ್ತಂತೆ ಅಜ್ಜಾರೆ, ಮಚವೆ ಮೇಲೆ" ಎಂದರು. ಅಜ್ಜ ತಲೆಯಾಡಿಸಿ, "ತಂದದ್ದು ನಾನೇ ಇದ್ರೂ ಇರ್ಬಹುದು" ಎಂದ. ಅಷ್ಟು ದೊಡ್ಡ ನಗು ಆ ಕೆಫೆಯಲ್ಲಿ ಅದಕ್ಕೂ ಮೊದಲು ಕೇಳಿರಲಿಕ್ಕಿಲ್ಲ. ಅತ್ತೆ ನಗಲಿಲ್ಲ. ಅವಳು ಚೀಟಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಅವನ ಮಾತುಗಳನ್ನು ಗೀಚಿಕೊಳ್ಳುತ್ತಿದ್ದಳು. ಅವರಿಬ್ಬರನ್ನೂ ನೋಡುತ್ತ ನಾನು ಆ ದಿನ ಪಟ್ಟಷ್ಟು ಹೆಮ್ಮೆ ಮುಂದೆ ನನ್ನದೇ ಯಾವ ಗೆಲುವಿಗೂ ಪಟ್ಟಿಲ್ಲ.

ಮನೆಗೆ ತಂದ ಮೇಲೆ ಆ ಆಟ ಹತ್ತು ಹದಿನೈದು ದಿನ ನಡೆಯಿತು, ಮತ್ತೆ ಅಂಗಡಿಯ ಸಂಪರ್ಕ ಕೇಳಿತು. ಅಜ್ಜನಿಗೆ ಅದರ ಗೊಡವೆ ಉಳಿದಿರಲಿಲ್ಲ. ಅತ್ತೆ ಕನ್ನಡದ ಯಂತ್ರವನ್ನು ಜಗಲಿಗೇ ಒಯ್ದಿದ್ದಳು. ಡಬ್ಬಿಯಲ್ಲಿ ಪುಸ್ತಕ ಇರಲಿಲ್ಲವಲ್ಲ, ಅದನ್ನು ನಾವೇ ಮಾಡೋಣ ಎಂದಳು. ಅವನು ಹೇಳುತ್ತಿದ್ದ, ಅವಳು ಹೊಡೆಯುತ್ತಿದ್ದಳು, ತದಡಿಯಿಂದ ಭಟ್ಕಳದವರೆಗಿನ ಒಂದೊಂದು ಬಂಡೆ, ಒಂದೊಂದು ಸೆಳೆತ. ಮಳೆಗಾಲ ಕಳೆದು ಚಳಿ ಬರುವ ಹೊತ್ತಿಗೆ ಪುಸ್ತಕ ಮುಗಿಯಿತು. ಇಡಗುಂಜಿಯ ಗಣಪತಿಯ ಮುಂದಿಟ್ಟು ತಂದೆವು. ಮುಂದಿನ ವರ್ಷ ಅಜ್ಜ ಹೋದ.

ಹೆದ್ದಾರಿ ಅಗಲವಾದಾಗ ಆ ಮನೆಯೂ ಹೋಯಿತು. ಪಡಸಾಲೆ ಇದ್ದಲ್ಲಿ ಈಗ ಲಾರಿಗಳು ಓಡುತ್ತವೆ. ಅತ್ತೆ ಕೊನೆಯ ವರ್ಷಗಳಲ್ಲಿ ಕುಮಟೆಯಲ್ಲಿ ನನ್ನ ಜೊತೆಗಿದ್ದಳು, ಮೂರು ವರ್ಷದ ಹಿಂದೆ ತೀರಿಕೊಂಡಳು. ಅಜ್ಜನ ಹೆಸರಿನ ಆ ನೋಂದಣಿಯಲ್ಲಿ ಅವನು ಲಂಗರು ಹಾಕಿದ ಹಡಗು ಇನ್ನೂ ಇರಬಹುದೆಂಬ ಆಸೆಯಿಂದ ಇಂಟರ್ನೆಟ್ಟಿನ ಆ ಅಂಗಡಿಯವರಿಗೆ ಬರೆದೆ. ಗುಪ್ತಪದ ಅತ್ತೆಯ ಜೊತೆ ಹೋಗಿತ್ತು. ಒಬ್ಬರ ಆಟ ಇನ್ನೊಬ್ಬರಿಗೆ ಸಲ್ಲುವುದಿಲ್ಲ, ಕ್ಷಮಿಸಿ ಎಂಬ ವಿನಯದ ಉತ್ತರ ಬಂತು. ಮೊದಲನೆಯ ಡಬ್ಬಿ ಯಾರೋ ಒಯ್ದದ್ದು ಮರಳಿ ಬಂದಿಲ್ಲ. ಅದು ಶಿರಾಲಿಯಲ್ಲೋ ಕುಮಟೆಯಲ್ಲೋ ಯಾರದೋ ಅಟ್ಟದ ಮೇಲೆ ಇರಬಹುದು. ಇದ್ದರೆ ಅದನ್ನು ತೆರೆಯಲು ಅವರು ಯಾರನ್ನೂ ಕೇಳಬೇಕಾಗಿಲ್ಲ.

ಕಡಲಿನ ಪುಸ್ತಕದ ಮೂಲ ಪ್ರತಿ ನನ್ನ ಹತ್ತಿರವಿದೆ. ನಾನೀಗ ಭೂಗೋಳ ಕಲಿಸುತ್ತೇನೆ. ಮಕ್ಕಳಿಗೆ ತೋರಿಸಲೆಂದು ಕಳೆದ ತಿಂಗಳು ಅದನ್ನು ತೆಗೆದಾಗ ಕೊನೆಯ ಹಾಳೆಯನ್ನು ಮೊದಲ ಸಲ ಗಮನವಿಟ್ಟು ನೋಡಿದೆ. ಮಸಿ ಮಾಸಿದ ಅಕ್ಷರಗಳಲ್ಲಿ ಅತ್ತೆ ಮೂರು ಸಾಲು ಹೊಡೆದಿದ್ದಳು. ಹೇಳಿದವರು, ನಾರಾಯಣ ತಾಂಡೇಲ. ಬೆರಳಚ್ಚು, ಸುಮಿತ್ರಾ. ಕೇಳಿದವಳು, ರೇಖಾ. ಕೇಳಿದವಳು ಮಾತ್ರ ಉಳಿದಿದ್ದೇನೆ.