ಹೊಸದರ ಹಾಗೆ

ಆ ಹಳೆಯ ಜೀಪನ್ನು ಮಂಡ್ಯದಿಂದ ನ್ಯೂಜಿಲೆಂಡಿಗೆ ತರಿಸುವುದು ಹುಚ್ಚುತನ ಎಂದು ನನ್ನ ಗಂಡ ಮೊದಲ ದಿನವೇ ಹೇಳಿದ್ದರು. ಅವರು ಹೇಳಿದ್ದು ಸರಿ ಎಂದು ನಾನು ಇವತ್ತಿಗೂ ಬಾಯಿಬಿಟ್ಟು ಒಪ್ಪಿಕೊಂಡಿಲ್ಲ. ಹಠದಲ್ಲಿ ನಾನು ಅಪ್ಪನ ಮಗಳೇ.

ಅಪ್ಪ ಮಂಡ್ಯದ ಸುತ್ತಲಿನ ಹಳ್ಳಿಗಳಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದವರು. ನಾನು ಹುಟ್ಟಿದ ವರ್ಷ ಹರಾಜಿನಲ್ಲಿ ಹಿಡಿದ ಹಸಿರು ಜೀಪು ಅವರದು. ಬಾನೆಟ್ಟಿನ ಎಡಗಡೆ ಎತ್ತೊಂದು ಹಾಯ್ದು ಆದ ನೆಗ್ಗು. ಗೇರಿನ ತುದಿಯ ಗುಂಡು ಒಡೆದಾಗ, ಸುಟ್ಟ ಮೋಟಾರಿನ ತಾಮ್ರದ ತಂತಿಯನ್ನು ಬಿಗಿಯಾಗಿ ಸುತ್ತಿ ತಾವೇ ಒಂದು ಗುಂಡು ಮಾಡಿಕೊಂಡಿದ್ದರು. ಗದ್ದೆಯ ಕೆಸರುಗಾಲಲ್ಲೇ ಹತ್ತುತ್ತಿದ್ದರು, ಕೆಸರುಗಾಲಲ್ಲೇ ಇಳಿಯುತ್ತಿದ್ದರು. ಅಮ್ಮ ಅದನ್ನು ಎಮ್ಮೆ ಎಂದೇ ಕರೆಯುತ್ತಿದ್ದಳು.

ಅಮ್ಮ ಹೋದ ಮೇಲೆ ಅಪ್ಪನಿಗೆ ಮರೆವು ಹೆಚ್ಚಾಯಿತು. ನ್ಯೂಜಿಲೆಂಡಿನ ಅಪ್ಪರ್ ಹಟ್ ಊರಿನ ನಮ್ಮ ಮನೆಗೆ ಕರೆತಂದೆ. ಬಂದ ವಾರದಿಂದಲೇ ಬೆಳಿಗ್ಗೆ ಎದ್ದರೆ ಒಂದೇ ಪ್ರಶ್ನೆ. "ಜೀಪ್ ಎಲ್ಲವ್ವ?" ಒಂದು ದಿನ ಮನೆಯಲ್ಲಿ ಕಾಣಲಿಲ್ಲ. ಎರಡು ಬೀದಿ ಆಚೆ, ಯಾರದೋ ಪಿಕಪ್ ಗಾಡಿಯ ಡ್ರೈವರ್ ಸೀಟಿನಲ್ಲಿ ಕೂತಿದ್ದರು. ಗಾಡಿಯ ಯಜಮಾನ ಪಾಪ ಬೈಯದೆ ಪಕ್ಕದಲ್ಲೇ ನಿಂತಿದ್ದ. ನನ್ನನ್ನು ನೋಡಿದ್ದೇ ಅಪ್ಪ ದೂರು ಹೇಳಿದರು: "ಇದ್ರಲ್ಲಿ ಗೇರೇ ಬೀಳ್ತಿಲ್ಲ ಕಣವ್ವ."

ಮುಖ ಮರೆತರೂ ಕೈ ಬೇಗ ಮರೆಯುವುದಿಲ್ಲ, ಅವರ ಹಳೆಯ ವಸ್ತು ಏನಾದರೂ ಹತ್ತಿರ ಇರಲಿ ಎಂದು ಅವರನ್ನು ನೋಡುತ್ತಿದ್ದ ನರ್ಸ್ ಹೇಳಿದಳು. ಬೇರೆಯವರಾಗಿದ್ದರೆ ಒಂದು ಫೋಟೋ ತರಿಸುತ್ತಿದ್ದರು. ನಾನು ಜೀಪಿಗೆ ಕೈ ಹಾಕಿದೆ.

ಸ್ವಂತ ಬಳಕೆಗೆ ಹಳೆಯ ಗಾಡಿ ತರಿಸಬಹುದು, ಆದರೆ ಕಾಗದಪತ್ರ ಸರಿಯಾಗಿರಬೇಕು. ಒಂದು ಕಾಗದಕ್ಕೆ ಅಪ್ಪನ ಸಹಿ ಬೇಕಿತ್ತು. "ಅಪ್ಪ, ನಿನ್ ಜೀಪ್ ತರಿಸ್ತಾ ಇದೀನಿ, ಇಲ್ಲಿ ಸೈನ್ ಹಾಕು" ಎಂದೆ. ನಮ್ಮ ಮನೆಯಲ್ಲಿ ಅಪ್ಪ ಮಗಳ ನಡುವೆ ನೀನು ಎಂದೇ ಮಾತು. ಅಪ್ಪ ಒಂದಕ್ಷರವೂ ತಪ್ಪದೆ ಕನ್ನಡದಲ್ಲಿ ಸಹಿ ಹಾಕಿದರು. ಬೆಳಿಗ್ಗೆ ಏನು ತಿಂದೆ ಎಂಬುದು ನೆನಪಿಲ್ಲದ ಮನುಷ್ಯ ಇದೊಂದನ್ನು ಹಿಡಿದುಕೊಂಡರು. ಬೀದಿ ಮೂಲೆಯ ಅಂಗಡಿಯವನಿಗೂ, ಬೇಲಿಯಾಚೆಯ ಅಜ್ಜಿಗೂ ಕನ್ನಡದಲ್ಲೇ ಹೇಳಿದ್ದು ಹೇಳಿದ್ದೇ: "ನನ್ ಮಗ್ಳು ಜೀಪ್ ತರಿಸ್ತಾವ್ಳೆ."

ಈ ದೇಶಕ್ಕೆ ಹೊರಗಿನ ಮಣ್ಣೆಂದರೆ ಆಗದು. ಚಕ್ರದ ಸಂದಿಯಲ್ಲಿ ಒಂದು ಹುಲ್ಲಿನ ಬೀಜ ಕಂಡರೂ ಗಾಡಿಯನ್ನು ತಡೆದು ನಿಲ್ಲಿಸುತ್ತಾರೆ. ಅದಕ್ಕೇ ಊರಿನಲ್ಲಿದ್ದ ತಮ್ಮನಿಗೆ ಫೋನಿನಲ್ಲಿ ಒತ್ತಿ ಒತ್ತಿ ಹೇಳಿದೆ: "ಚೂರೂ ಮಣ್ಣಿರಬಾರ್ದು. ಕ್ಲೀನ್ ಅಂದ್ರೆ ಕ್ಲೀನ್. ಹೊಸಾದ್ರ ಥರ ಮಾಡ್ಸಿ ಕಳ್ಸು."

"ನೀನ್ ತಲೆ ಕೆಡುಸ್ಕಬೇಡ ಅಕ್ಕ" ಎಂದ. ಫೋಟೋ ಕೇಳಿದರೆ, "ಬಂದ್ಮೇಲೆ ನೋಡು, ಸರ್‌ಪ್ರೈಸು" ಎಂದ. ನನಗೂ ಖುಷಿಯಾಯಿತು. ಆಗಲೇ ಅನುಮಾನ ಪಡಬೇಕಿತ್ತು.

ಜೀಪು ಹಡಗಿನಿಂದ ಇಳಿದ ಮೇಲೆ ಬಂದರಿನ ಗೋದಾಮಿಗೆ ಹೋದೆ. ಟೊಮೆಟೊ ಕೆಂಪಿನ, ಫಳಫಳ ಹೊಳೆಯುವ ಗಾಡಿಯೊಂದನ್ನು ತೋರಿಸಿದರು. ಇದು ನಮ್ಮದಲ್ಲ, ಅದಲುಬದಲಾಗಿದೆ ಎಂದು ನಾನು ಜಗಳಕ್ಕೇ ನಿಂತೆ. ಅಲ್ಲಿದ್ದವನು ಸಮಾಧಾನವಾಗಿ ಛಾಸಿ ನಂಬರನ್ನು ಒಂದೊಂದೇ ಅಂಕಿಯಾಗಿ ಓದಿದ. ನನ್ನ ಕೈಯಲ್ಲಿದ್ದ ಕಾಗದದ ನಂಬರೂ ಅದೇ.

ನೆಗ್ಗು ಇರಲಿಲ್ಲ. ಅಪ್ಪನ ಭಾರಕ್ಕೆ ಗುಳಿ ಬಿದ್ದಿದ್ದ ಸೀಟಿನ ಜಾಗದಲ್ಲಿ ಹೊಸ ರೆಕ್ಸಿನ್ ಸೀಟು. ಗೇರಿನ ತುದಿಯಲ್ಲಿ ಅಂಗಡಿಯ ಕರಿ ಗುಂಡು. ಅಲ್ಲೇ ನಿಂತು ತಮ್ಮನಿಗೆ ಫೋನ್ ಮಾಡಿ ಬೈದೆ. ಅವನಿಗೆ ತಬ್ಬಿಬ್ಬು.

"ನೀನೇ ತಾನೆ ಹೊಸಾದು ಮಾಡ್ಸು ಅಂದಿದ್ದು? ಟಿಂಕರಿಂಗು, ಪೇಂಟಿಂಗು, ಒಂದೂ ಬುಡ್ಲಿಲ್ಲ. ಮನೆ ಬುಟ್ಟು ಹೋಯ್ತಿರೋ ಗಾಡಿನ ಹಳೆ ಬಟ್ಟೇಲಿ ಕಳ್ಸಕ್ಕಾಯ್ತದಾ ಅಕ್ಕ?"

"ತಾಮ್ರದ ಗುಂಡು?"

"ಗುಜರಿಗೆ ಹಾಕ್ಬುಟ್ಟೆ."

ಅವನನ್ನು ಏನೆಂದು ಬೈಯಲಿ? ಹೆಣ್ಣುಮಗಳನ್ನು ಕಳಿಸಿದ ಹಾಗೆ ಕಳಿಸಿದ್ದ. ತೊಳೆಸಿ, ಬಣ್ಣ ಹೊಡೆಸಿ, ಕೊನೆಗೆ ಪೂಜೆಯನ್ನೂ ಮಾಡಿದ್ದ. ಸೀಟಿನಡಿ ಒಣಗಿದ ನಿಂಬೆಹಣ್ಣು, ಮ್ಯಾಟಿನ ಕೆಳಗೆ ಅಕ್ಷತೆ ಸಿಕ್ಕಿ, ಇಷ್ಟೆಲ್ಲ ಮಾಡಿಯೂ ಗಾಡಿಯನ್ನು ಇಲ್ಲಿ ಇನ್ನೊಮ್ಮೆ ತೊಳೆಸಬೇಕಾಯಿತು. ಬ್ರೇಕು, ಸೀಟ್ ಬೆಲ್ಟು, ತಪಾಸಣೆ ಎಂದು ಇನ್ನೂ ಕೆಲವು ವಾರ ಹೋದವು. ಅಷ್ಟು ದಿನವೂ ಅಪ್ಪ ಬೆಳಿಗ್ಗೆ ಎದ್ದು ಮನೆಮುಂದೆ ನಿಂತು ಕಾದರು.

ಕೊನೆಗೂ ಒಂದು ಶನಿವಾರ ಜೀಪನ್ನು ಮನೆಗೆ ತಂದು ನಿಲ್ಲಿಸಿದೆ. ಅಪ್ಪ ಹೊರಗೆ ಬಂದು ಅದರ ಸುತ್ತ ಒಂದು ಸುತ್ತು ಹಾಕಿದರು. ಬಾನೆಟ್ಟಿನ ಎಡಗಡೆ ಕೈ ಆಡಿಸಿದರು, ಆಡಿಸಿ ಸುಮ್ಮನೆ ತೆಗೆದುಕೊಂಡರು. ಡ್ರೈವರ್ ಸೀಟಿಗೆ ಹತ್ತಿಸಲು ಹೋದರೆ, ಬೇಡ ಬೇಡ ಎಂದು ಸಂಕೋಚದಿಂದ ಆ ಬದಿಯ ಸೀಟಿನ ಕಡೆಗೆ ಹೋದರು. ಚಪ್ಪಲಿ ಕಳಚಿ ಕೆಳಗೆ ಜೋಡಿಸಿಟ್ಟು, ಬರಿಗಾಲಲ್ಲಿ ಹತ್ತಿ, ಕೈಯೆರಡನ್ನೂ ತೊಡೆಯ ಮೇಲಿಟ್ಟುಕೊಂಡು ಕೂತರು.

ಪಕ್ಕದಲ್ಲಿ ಹತ್ತಿ ಕೂತೆ. ಅಪ್ಪ ಹೊಸ ಸೀಟನ್ನು ಸವರಿ ನೋಡಿದರು.

"ಗಾಡಿ ಚೆಂದಾಗದೆ. ನಿಮ್ದಾ?"

ನಿಮ್ದಾ ಎಂದರು. ನನ್ನ ಜನ್ಮದಲ್ಲಿ ಅಪ್ಪ ನನ್ನನ್ನು ನೀವು ಎಂದದ್ದು ಅದೇ ಮೊದಲು.

"ನಿಂದೇ ಕಣಪ್ಪ. ನಿನ್ ಜೀಪು" ಎಂದೆ. ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ಯಾರೋ ಹೆಂಗಸು ಅಳುತ್ತಿದ್ದಾಳೆಂದು ಅವರಿಗೇ ಕಸಿವಿಸಿಯಾಯಿತು. ನನ್ನನ್ನು ಸಮಾಧಾನ ಮಾಡುವವರಂತೆ ನಕ್ಕರು.

"ಇಲ್ಲಮ್ಮ, ನಂದು ಇನ್ನೂ ಬಂದಿಲ್ಲ. ನನ್ ಮಗ್ಳು ತರಿಸ್ತಾವ್ಳೆ. ಒಂದ್ಸಲ ತರಿಸ್ತೀನಿ ಅಂದ್ಮೇಲೆ ಬುಡಾಕಿಲ್ಲ ಅವ್ಳು."

"ಬತ್ತದೆ ಬುಡಿ" ಎಂದೆ, ಪರವೂರಿನ ಹಿರಿಯರಿಗೆ ಹೇಳುವ ಹಾಗೆ.